ಆಟದ ಸುದ್ದಿ ಊರಿಗೆ ಮುಟ್ಟುವುದು ಹೇಗೆ?

ಪೆರ್ಲದ ಕನ್ನಡ ಮಾಸ್ಟ್ರುಗಳಿಗೆ ವಿಡಿಯೋ ಗೇಮಿನ ಪ್ರಚಾರದ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ನಾವು ಸಂಧಿ, ಸಮಾಸ, ಷಟ್ಪದಿ ಎಂದು ಹೇಳಿಕೊಂಡು ಇರುವವರು. ಆದರೆ ಏನು ಮಾಡುವುದು, ಬೆಲ್ಲು ಹೊಡೆದು ನಾವು ಪುಸ್ತಕ ಮಡಚುವುದೇ ತಡ, ಮಕ್ಕಳ ನಡುವೆ ಶುರುವಾಗುವ ಮಾತು ಗೇಮಿನದ್ದು. ನಮ್ಮ ಮಕ್ಕಳ ಮನೆಮಾತು ಒಂದೊಂದು ತರ. ಹವ್ಯಕ ಕನ್ನಡ, ತುಳು, ಮಲಯಾಳ, ಮರಾಠಿ, ಕೊಂಕಣಿ ಎಲ್ಲವೂ ಒಂದೇ ಬೆಂಚಿನಲ್ಲಿ ಸಿಗುತ್ತದೆ. ಗೇಮಿನ ವಿಷಯ ಬಂದರೆ ಮಾತ್ರ ಎಲ್ಲರದೂ ಒಂದೇ ಭಾಷೆ!

ಇದರಲ್ಲಿ ನಮಗೆ ಸೋಜಿಗ ಅನ್ನಿಸಿದ್ದು ಮಕ್ಕಳು ಆಡುವುದಲ್ಲ. ಮಕ್ಕಳು ಆಡದೆ ಮತ್ತೆ ಯಾರು ಆಡಬೇಕು? ಸೋಜಿಗದ ಸಂಗತಿ ಎಂದರೆ, ಇನ್ನೂ ಬಾರದ ಗೇಮಿನ ಬಗ್ಗೆಯೂ ಅವರಿಗೆ ಎಲ್ಲ ಗೊತ್ತು. ಪರೀಕ್ಷೆಯ ವೇಳಾಪಟ್ಟಿ ಮೂರು ಸಲ ಬರೆಸಿದರೂ ಮರೆಯುವ ಹುಡುಗ, ಯಾವುದೋ ಗೇಮು ಯಾವ ತಿಂಗಳು ಬರುತ್ತದೆ, ಅದರಲ್ಲಿ ಎಷ್ಟು ಊರುಗಳಿವೆ, ಯಾವ ಗಾಡಿ ಓಡಿಸಬಹುದು ಎಂದು ಪಟಪಟ ಹೇಳುತ್ತಾನೆ. "ಇದೆಲ್ಲ ನಿನಗೆ ಯಾರು ಹೇಳಿದ್ದು ಮಾರಾಯಾ?" ಎಂದು ಒಬ್ಬನನ್ನು ಕೇಳಿದೆವು. "ಯಾರೂ ಹೇಳಿದ್ದಲ್ಲ ಸರ್, ಗೊತ್ತುಂಟು" ಎಂದ.

ಯಾರೂ ಹೇಳಿದ್ದಲ್ಲ, ಗೊತ್ತುಂಟು. ಈ ಮಾತನ್ನು ಯೋಚಿಸುತ್ತಾ ಹೋದಾಗ ನಮಗೆ ತಿಳಿದದ್ದು ಇಷ್ಟು: ಹಾಗೆ ಅನ್ನಿಸುವಂತೆ ಮಾಡುವುದೇ ಒಂದು ಉದ್ಯೋಗ. ಅದಕ್ಕೆ ಸಾರ್ವಜನಿಕ ಸಂಪರ್ಕ ಎಂದು ಹೆಸರು. ಪೇಟೆಯ ಮಾತಿನಲ್ಲಿ ಪಿ.ಆರ್. ಕೆಟ್ಟ ಉದ್ಯೋಗವೇನೂ ಅಲ್ಲ. ಆದರೆ ಅದು ಹೇಗೆ ನಡೆಯುತ್ತದೆ ಎಂದು ಮಕ್ಕಳಿಗೂ ಮಕ್ಕಳ ಮನೆಯವರಿಗೂ ಗೊತ್ತಿರಬೇಕು ಎಂಬುದು ನಮ್ಮ ಅನಿಸಿಕೆ. ಅದಕ್ಕೇ ಈ ಬರಹ.

ಜಾಹೀರಾತು ಬೇರೆ, ಇದು ಬೇರೆ

ಮೊದಲು ಒಂದು ವ್ಯತ್ಯಾಸ ತಿಳಿದುಕೊಳ್ಳೋಣ. ದುಡ್ಡು ಕೊಟ್ಟು ಜಾಗ ಕೊಂಡು ನಮ್ಮ ಮಾತನ್ನು ನಾವೇ ಹೇಳಿದರೆ ಅದು ಜಾಹೀರಾತು. ನಮ್ಮ ಸಂಗತಿಯನ್ನು ಇನ್ನೊಬ್ಬರು ಸುದ್ದಿಯಾಗಿ, ವಿಮರ್ಶೆಯಾಗಿ, ಹರಟೆಯಾಗಿ ಹೇಳುವಂತೆ ಮಾಡಿದರೆ ಅದು ಸಾರ್ವಜನಿಕ ಸಂಪರ್ಕ. ಜಾಹೀರಾತನ್ನು ಕಂಡ ಕೂಡಲೇ ಜನ ಸ್ವಲ್ಪ ಎಚ್ಚರವಾಗುತ್ತಾರೆ. ಸುದ್ದಿಯನ್ನು ಕಂಡರೆ ಹಾಗಾಗುವುದಿಲ್ಲ. ಇದರ ಶಕ್ತಿಯೂ ಅಪಾಯವೂ ಇರುವುದು ಅಲ್ಲೇ.

ಕನ್ನಡದವರಿಗೆ ಇದು ಹೊಸತಲ್ಲ. ನಮ್ಮ ಚಿತ್ರರಂಗದಲ್ಲಿ ಪಿ.ಆರ್.ಒ. ಎಂಬ ಕೆಲಸಕ್ಕೆ ಒಂದು ರೂಪ ಕೊಟ್ಟವರು ಡಿ.ವಿ. ಸುಧೀಂದ್ರ. ಅವರ ಶ್ರೀ ರಾಘವೇಂದ್ರ ಚಿತ್ರವಾಣಿ ಶುರುವಾದದ್ದು 1976ರಲ್ಲಿ. ಮುಹೂರ್ತದ ಸುದ್ದಿ, ಚಿತ್ರೀಕರಣದ ಫೋಟೋ, ಬಿಡುಗಡೆಯ ದಿನಾಂಕ ಎಲ್ಲವೂ ಪತ್ರಿಕೆಯವರ ಮೇಜಿಗೆ ಹೊತ್ತಿಗೆ ಸರಿಯಾಗಿ ಮುಟ್ಟುವ ವ್ಯವಸ್ಥೆ ಅದು. ನಾವು ಶುಕ್ರವಾರದ ಸಿನಿಮಾ ಪುಟದಲ್ಲಿ ಓದುತ್ತಿದ್ದ ಎಷ್ಟೋ ಸುದ್ದಿಗಳ ಹಿಂದೆ ಇಂಥವರ ಕೈ ಇರುತ್ತಿತ್ತು.

ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ಯಕ್ಷಗಾನದ ಡೇರೆ ಮೇಳಗಳ ಕಾಲವನ್ನು ನೆನಪಿಸಿಕೊಳ್ಳಿ. ಮಧ್ಯಾಹ್ನದ ಬಿಸಿಲಿಗೆ ಧೂಳೆಬ್ಬಿಸಿಕೊಂಡು ಬರುವ ಪ್ರಚಾರದ ಜೀಪು, ಮೇಲೆ ಮೈಕು, ಹಿಂದಿನಿಂದ ಹಾರಿಬರುವ ಬಣ್ಣದ ಹ್ಯಾಂಡ್‌ಬಿಲ್ಲು, ಅದನ್ನು ಹೆಕ್ಕಲು ಓಡುವ ಮಕ್ಕಳು. ಆ ಹ್ಯಾಂಡ್‌ಬಿಲ್ಲಿನಲ್ಲಿ ಹೊಗಳಿಕೆ ಇರುತ್ತಿತ್ತು ನಿಜ. ಆದರೆ ಅದರ ಜೊತೆಗೇ ಪ್ರಸಂಗ ಯಾವುದು, ಭಾಗವತರು ಯಾರು, ಯಾವ ವೇಷ ಯಾರದ್ದು, ಎಲ್ಲಿ, ಎಷ್ಟು ಗಂಟೆಗೆ, ಟಿಕೇಟಿಗೆ ಎಷ್ಟು ಎಂಬುದೂ ಇರುತ್ತಿತ್ತು. ಹ್ಯಾಂಡ್‌ಬಿಲ್ಲಿನಲ್ಲಿ ಹೆಸರು ಹಾಕಿ ಆ ಕಲಾವಿದರು ಬಾರದೇ ಹೋದರೆ ಜನ ಸುಮ್ಮನಿರುತ್ತಿರಲಿಲ್ಲ ಎಂದು ಹಿರಿಯರು ಈಗಲೂ ಹೇಳುತ್ತಾರೆ. ಬಿಲ್ಲಿನಲ್ಲಿ ಅಚ್ಚಾದದ್ದು ಊರಿಗೆ ಕೊಟ್ಟ ಮಾತು. ರಾತ್ರಿ ರಂಗಸ್ಥಳದಲ್ಲಿ ಅದನ್ನು ತೀರಿಸಬೇಕು.

ಗೇಮಿನ ಪ್ರಚಾರವೂ ಇಷ್ಟೇ. ಜೀಪಿನ ಬದಲು ಯೂಟ್ಯೂಬು, ಹ್ಯಾಂಡ್‌ಬಿಲ್ಲಿನ ಬದಲು ಟ್ರೇಲರು.

ಜೀಪು ಬರುವ ಮೊದಲೇ ಕೆಲಸ ಶುರು

ದೊಡ್ಡ ಕಂಪೆನಿಗಳು ಗೇಮು ಬರುವ ಒಂದೆರಡು ವರ್ಷ ಮೊದಲೇ ಸುದ್ದಿ ಹರಡಲು ಶುರು ಮಾಡುತ್ತವೆ. ಮೊದಲು ಬರೀ ಹೆಸರು. ಆಮೇಲೆ ಅರ್ಧ ನಿಮಿಷದ ಟೀಸರು, ನಂತರ ಟ್ರೇಲರು, ಅದಾದ ಮೇಲೆ ಸ್ವಲ್ಪ ಹೊತ್ತು ಆಡಿ ನೋಡುವ ಡೆಮೊ. ಪತ್ರಿಕೆಯವರಿಗೆ ಪ್ರೆಸ್ ಕಿಟ್ ಎಂದು ಒಂದು ಕಟ್ಟು ಕೊಡುತ್ತಾರೆ. ಅದರಲ್ಲಿ ಗೇಮಿನ ಬಗ್ಗೆ ಎರಡು ಸಾಲು, ಎರಡು ಪ್ಯಾರಾ, ಚಿತ್ರಗಳು, ವಿಡಿಯೋ, ಮಾಡಿದವರ ಹೆಸರು, ವಿಳಾಸ ಎಲ್ಲ ಇರುತ್ತದೆ. ವಿಮರ್ಶಕರಿಗೆ ಬಿಡುಗಡೆಗೆ ಮೊದಲೇ ಪ್ರತಿ ಕಳಿಸುತ್ತಾರೆ, ಆದರೆ ಇಂಥ ದಿನ ಇಂಥ ಗಂಟೆಯವರೆಗೆ ಏನೂ ಬರೆಯಬಾರದು ಎಂಬ ಷರತ್ತು ಇರುತ್ತದೆ. ಆ ಗಂಟೆ ಬಂದ ಕೂಡಲೇ ಲೋಕದ ಎಲ್ಲ ಮೂಲೆಗಳಿಂದ ಒಮ್ಮೆಲೇ ವಿಮರ್ಶೆಗಳು ಬರುತ್ತವೆ. ಜನರಿಗೆ ಅನ್ನಿಸುವುದು ಏನು? "ಓಹೋ, ಎಲ್ಲರೂ ಇದರ ಬಗ್ಗೆಯೇ ಮಾತಾಡುತ್ತಿದ್ದಾರೆ!"

2023ರ ಡಿಸೆಂಬರಿನಲ್ಲಿ ರಾಕ್‌ಸ್ಟಾರ್ ಗೇಮ್ಸ್ ಕಂಪೆನಿಯ ಜಿಟಿಎ 6ರ ಮೊದಲ ಟ್ರೇಲರು ಬಂತು. ಹೇಳಿದ ಹೊತ್ತಿಗಿಂತ ಮೊದಲೇ ಅದು ಸೋರಿಹೋದ ಕಾರಣ ಕಂಪೆನಿ ಅವಸರದಲ್ಲಿ ತಾನೇ ಬಿಡುಗಡೆ ಮಾಡಬೇಕಾಯಿತು. ಆದರೂ ಒಂದೇ ದಿನದಲ್ಲಿ 9 ಕೋಟಿಗೂ ಹೆಚ್ಚು ಸಲ ಜನ ಅದನ್ನು ನೋಡಿದರು. ಒಂದೂವರೆ ನಿಮಿಷದ ವಿಡಿಯೋ, ಆಡಲು ಗೇಮೇ ಇಲ್ಲ! ನಮ್ಮ ಹುಡುಗನಿಗೆ "ಯಾರೂ ಹೇಳದೆ ಗೊತ್ತಾದದ್ದು" ಹೀಗೆ.

ಮತ್ತೊಂದು ವಿಷಯ. ಇದೇ ರಾಕ್‌ಸ್ಟಾರ್ ಕಂಪೆನಿಗೆ ಬೆಂಗಳೂರಿನಲ್ಲಿ ದೊಡ್ಡ ಸ್ಟುಡಿಯೋ ಇದೆ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರ್‌ಆಕ್ಟಿವ್ ಎಂಬ ಸಂಸ್ಥೆಯನ್ನು 2019ರಲ್ಲಿ ರಾಕ್‌ಸ್ಟಾರ್ ಕೊಂಡುಕೊಂಡಿತು. ಧ್ರುವದವರು ಹಲವು ವರ್ಷ ಹೊರದೇಶದ ಗೇಮುಗಳಿಗೆ ಚಿತ್ರ, ಗಾಡಿ, ಕಟ್ಟಡಗಳನ್ನು ಮಾಡಿಕೊಟ್ಟವರು. ಆಟ ಆಡಿದವರಿಗೆ ಅದು ಗೊತ್ತೇ ಇರಲಿಲ್ಲ. ಗೇಮಿನ ಸುದ್ದಿ ಲೋಕಕ್ಕೆಲ್ಲ ಮುಟ್ಟಿತು, ಮಾಡಿದ ಕೈಗಳ ಸುದ್ದಿ ಮಾತ್ರ ಬೆಂಗಳೂರಿನಿಂದ ಇನ್ನೂರು ಮೈಲು ದೂರದ ನಮ್ಮ ಕಡೆಗೂ ಬರಲಿಲ್ಲ. ಕರ್ನಾಟಕ ಸರಕಾರ 2012ರಲ್ಲೇ ಅನಿಮೇಷನ್ ಮತ್ತು ಗೇಮಿಂಗಿಗೆ ಒಂದು ನೀತಿ ತಂದಿತ್ತು ಎಂದರೆ ನಮ್ಮ ಸ್ಟಾಫ್ ರೂಮಿನಲ್ಲೇ ಕೆಲವರು ನಂಬಲಿಲ್ಲ.

ಫೌಜಿಯ ಕಥೆ

ಮಕ್ಕಳಿಗೆ ವಿವರಿಸಲು ನಾವು ಆರಿಸಿಕೊಂಡದ್ದು ಬೆಂಗಳೂರಿನದೇ ಕಥೆ. ಅದು ಅವರಿಗೆಲ್ಲ ನೆನಪಿರುವಂಥದ್ದು.

2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರಕಾರ 118 ಆ್ಯಪ್‌ಗಳನ್ನು ನಿಷೇಧಿಸಿತು. ಅದರಲ್ಲಿ ಪಬ್‌ಜಿಯೂ ಇತ್ತು. ಎರಡೇ ದಿನ ಕಳೆದು, ಸೆಪ್ಟೆಂಬರ್ 4ರಂದು ನಟ ಅಕ್ಷಯ್ ಕುಮಾರ್ ಹೊಸ ಗೇಮೊಂದನ್ನು ಘೋಷಿಸಿದರು. ಬೆಂಗಳೂರಿನ ಎನ್‌ಕೋರ್ ಗೇಮ್ಸ್ ಮಾಡುತ್ತಿದ್ದ ಆ ಗೇಮಿನ ಹೆಸರು ಫೌ-ಜಿ. ಹೆಸರು ನೋಡಿ ಎಷ್ಟು ಜಾಣತನದ್ದು! ಪಬ್‌ಜಿಗೆ ಪ್ರಾಸವೂ ಆಯಿತು, ಸೈನಿಕ ಎಂಬ ಅರ್ಥವೂ ಬಂತು. ಜೊತೆಗೆ, ನಿವ್ವಳ ಆದಾಯದ ಶೇಕಡಾ 20ನ್ನು ಹುತಾತ್ಮ ಯೋಧರ ಕುಟುಂಬಗಳಿಗಾಗಿ ಇರುವ ಭಾರತ್ ಕೆ ವೀರ್ ನಿಧಿಗೆ ಕೊಡುವುದಾಗಿ ಘೋಷಣೆ.

ಇದರಲ್ಲಿ ಜಾಹೀರಾತಿಗೆ ಖರ್ಚಾದದ್ದು ಎಷ್ಟು? ಆ ಹೊತ್ತಿಗೆ ಅದರ ಅಗತ್ಯವೇ ಇರಲಿಲ್ಲ. ಎಲ್ಲ ಪತ್ರಿಕೆಗಳೂ ಟಿ.ವಿ.ಗಳೂ ತಾವಾಗಿಯೇ ಸುದ್ದಿ ಮಾಡಿದವು. ಗಲ್ವಾನ್ ಕಣಿವೆಯ ಘಟನೆ ಆಗಿ ಮೂರು ತಿಂಗಳೂ ಆಗಿರಲಿಲ್ಲ. ಜನರ ಮನಸ್ಸಿನಲ್ಲಿ ಸಿಟ್ಟಿತ್ತು, ಮಕ್ಕಳ ಕೈಯಲ್ಲಿದ್ದ ಗೇಮು ಹೋಗಿತ್ತು. ಆ ಜಾಗಕ್ಕೆ ಸರಿಯಾಗಿ ಈ ಸುದ್ದಿ ಬಂದು ಕುಳಿತಿತು. ದಸರಾಕ್ಕೆ ಟೀಸರು, ನವೆಂಬರ್ ಕೊನೆಗೆ ಮುಂಗಡ ನೋಂದಣಿ. ಮೊದಲ 24 ಗಂಟೆಯಲ್ಲೇ 10 ಲಕ್ಷ ದಾಟಿತೆಂದು ಕಂಪೆನಿ ಹೇಳಿತು. ಆ ಸಂಖ್ಯೆಯೇ ಮತ್ತೆ ಸುದ್ದಿಯಾಯಿತು! ಕೊನೆಗೆ 2021ರ ಜನವರಿ 26ರ ಗಣರಾಜ್ಯೋತ್ಸವದಂದು ಗೇಮು ಬಂತು.

ಬಂದ ಮೇಲೆ ಏನಾಯಿತು? ಪಬ್‌ಜಿಯಂತೆ ನೂರು ಮಂದಿ ಒಟ್ಟಿಗೆ ಆಡುವ ಆಟ ಇದೆ ಎಂದು ಮಕ್ಕಳು ಎಣಿಸಿದ್ದರು. ಮೊದಲ ದಿನ ಸಿಕ್ಕಿದ್ದು ಒಬ್ಬನೇ ಆಡುವ ಗಲ್ವಾನ್ ಕಥೆ, ಅದರಲ್ಲಿಯೂ ಬಂದೂಕಿಲ್ಲದೆ ಕೈಯಲ್ಲೂ ದೊಣ್ಣೆಯಲ್ಲೂ ಹೊಡೆದಾಡುವುದು. ಪ್ಲೇ ಸ್ಟೋರಿನಲ್ಲಿ ಆರಂಭದಲ್ಲಿ ಚೆನ್ನಾಗಿದ್ದ ಅಂಕ ಕೆಲವೇ ದಿನಗಳಲ್ಲಿ ಇಳಿದುಹೋಯಿತು. ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಇದು ಪಬ್‌ಜಿಯ ಹಾಗೆಯೇ ಇರುತ್ತದೆ ಎಂದು ಕಂಪೆನಿ ಬರೆದು ಕೊಟ್ಟಿರಲಿಲ್ಲ. ಆದರೆ ಹೆಸರು, ಹೊತ್ತು, ಸುದ್ದಿಯ ಧಾಟಿ ಎಲ್ಲ ಸೇರಿ ಜನ ಹಾಗೆಂದೇ ತಿಳಿದುಕೊಂಡರು. ಪ್ರಚಾರದಲ್ಲಿ ಬಾಯಿಬಿಟ್ಟು ಹೇಳಿದ್ದು ಮಾತ್ರವಲ್ಲ, ಜನ ಏನು ತಿಳಿದುಕೊಳ್ಳುತ್ತಾರೋ ಅದೂ ಮಾತು ಕೊಟ್ಟ ಹಾಗೆಯೇ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಿಕ್ಕಿಲ್ಲ.

ಇನ್ನೊಂದು ಬದಿಯಲ್ಲಿ ಪಬ್‌ಜಿಯವರು ಮಾಡಿದ್ದನ್ನೂ ನೋಡಿ. ಕೊರಿಯಾದ ಕ್ರಾಫ್ಟನ್ ಕಂಪೆನಿ 2021ರ ಜುಲೈ 2ರಂದು ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಹೊಸ ಹೆಸರಿನಲ್ಲಿ ಗೇಮನ್ನು ತಂದಿತು. ಅವರ ಪ್ರಚಾರದ ಮುಖ ಈ ಸಲ ಆಟಗಾರರ ಕಡೆಗೆ ಮಾತ್ರ ಇರಲಿಲ್ಲ, ತಂದೆತಾಯಿಯರ ಕಡೆಗೂ ಸರಕಾರದ ಕಡೆಗೂ ಇತ್ತು. 18 ವರ್ಷದ ಒಳಗಿನವರಿಗೆ ದಿನಕ್ಕೆ 3 ಗಂಟೆ ಮಾತ್ರ, ಮನೆಯವರ ಫೋನ್ ನಂಬರು ಕೊಡಬೇಕು, ಖರ್ಚು ದಿನಕ್ಕೆ 7,000 ರೂಪಾಯಿ ಮೀರಬಾರದು ಎಂದೆಲ್ಲ ಹೇಳಿದರು. ದಿನಕ್ಕೆ ಏಳು ಸಾವಿರ! ನಮ್ಮ ಕಡೆಯ ಅಡಿಕೆ ತೋಟದ ಕೆಲಸದವರು ಎಷ್ಟು ದಿನ ದುಡಿದರೆ ಅಷ್ಟು ಬಂದೀತು ಎಂದು ಲೆಕ್ಕ ಹಾಕಿ ಎಂದೆವು. ತರಗತಿ ಒಂದು ಗಳಿಗೆ ಸುಮ್ಮನಾಯಿತು. 2022ರ ಜುಲೈಯಲ್ಲಿ ಆ ಗೇಮನ್ನೂ ಸರಕಾರ ತೆಗೆಸಿತು, 2023ರ ಮೇಯಲ್ಲಿ ಮರಳಿ ಬಂತು.

ಮಾತು ಉಳಿಯದೇ ಹೋದಾಗ

ಹೊರಗಿನ ಲೋಕದಲ್ಲೂ ಇಂಥ ಕಥೆಗಳು ಬೇಕಾದಷ್ಟಿವೆ. 1982ರಲ್ಲಿ ಅಟಾರಿ ಎಂಬ ಅಮೆರಿಕದ ಕಂಪೆನಿ ಇ.ಟಿ. ಸಿನಿಮಾದ ಹೆಸರಿನಲ್ಲಿ ಒಂದು ಗೇಮು ತಂದಿತು. ಕ್ರಿಸ್‌ಮಸ್ ಮಾರಾಟಕ್ಕೆ ಸಿಗಬೇಕೆಂದು ಐದಾರು ವಾರಗಳಲ್ಲಿ ಮಾಡಿ ಮುಗಿಸಿದ್ದು. ಸಿನಿಮಾದ ಹೆಸರು, ದೊಡ್ಡ ಪ್ರಚಾರ, ಲಕ್ಷಗಟ್ಟಲೆ ಪ್ರತಿಗಳು. ಆಟ ಮಾತ್ರ ಜನರಿಗೆ ಹಿಡಿಸಲಿಲ್ಲ. 1983ರಲ್ಲಿ ಮಾರಾಟವಾಗದ ಸರಕನ್ನು ಲಾರಿಗಳಲ್ಲಿ ತುಂಬಿ ನ್ಯೂ ಮೆಕ್ಸಿಕೋದ ಅಲಮೊಗಾರ್ಡೊ ಎಂಬಲ್ಲಿ ಹೂತುಹಾಕಿದರು. ಇದು ಬರೀ ಅಂತೆಕಂತೆ ಎಂದು ಎಷ್ಟೋ ಜನ ತಿಳಿದಿದ್ದರು. 2014ರಲ್ಲಿ ಅಗೆದು ನೋಡಿದಾಗ ನಿಜವಾಗಿಯೂ ಸಿಕ್ಕಿತು!

2020ರ ಡಿಸೆಂಬರ್ 10ರಂದು ಸೈಬರ್‌ಪಂಕ್ 2077 ಎಂಬ ಗೇಮು ಬಂತು. ಎಂಟು ವರ್ಷಗಳಿಂದ ಸುದ್ದಿ ಮಾಡಿದ್ದ ಗೇಮು. ಬಿಡುಗಡೆಗೆ ಮೊದಲು ವಿಮರ್ಶಕರಿಗೆ ಕೊಟ್ಟದ್ದು ಕಂಪ್ಯೂಟರಿನಲ್ಲಿ ಆಡುವ ಪ್ರತಿಯನ್ನು ಮಾತ್ರ. ಹಳೆಯ ಪ್ಲೇಸ್ಟೇಷನ್‌ನಲ್ಲಿ ಅದು ಸರಿಯಾಗಿ ಓಡುವುದಿಲ್ಲ ಎಂಬುದು ಜನರಿಗೆ ಗೊತ್ತಾದದ್ದು ದುಡ್ಡು ಕೊಟ್ಟ ಮೇಲೆ. ಒಂದೇ ವಾರದಲ್ಲಿ ಸೋನಿ ಕಂಪೆನಿ ಅದನ್ನು ತನ್ನ ಅಂಗಡಿಯಿಂದ ತೆಗೆದು ದುಡ್ಡು ವಾಪಸು ಕೊಡಬೇಕಾಯಿತು. ಆಮೇಲೆ ಗೇಮನ್ನು ತಿದ್ದಿದರು, ಅದು ಬೇರೆ ಮಾತು. ನೇರವಾಗಿ ಸುಳ್ಳು ಹೇಳಬೇಕೆಂದಿಲ್ಲ, ತೋರಿಸಬೇಕಾದ್ದನ್ನು ತೋರಿಸದೇ ಇದ್ದರೂ ಜನರಿಗೆ ಮೋಸ ಆದಂತೆಯೇ.

ಹೇಳುವವರಿಗೆ ದುಡ್ಡು ಕೊಟ್ಟವರು ಯಾರು?

ಈಗ ನಮ್ಮನ್ನು ಹೆಚ್ಚು ಕಾಡುವ ವಿಷಯಕ್ಕೆ ಬರೋಣ. ಇವತ್ತು ಮಕ್ಕಳು ಗೇಮಿನ ಬಗ್ಗೆ ತಿಳಿಯುವುದು ಪತ್ರಿಕೆಯಿಂದಲ್ಲ, ಯೂಟ್ಯೂಬಿನಲ್ಲಿ ಆಡಿ ತೋರಿಸುವ ಅಣ್ಣಂದಿರಿಂದ. ಮಲಯಾಳದಲ್ಲಿ ಇದ್ದಾರೆ, ಹಿಂದಿಯಲ್ಲಿ ಇದ್ದಾರೆ, ಕನ್ನಡದಲ್ಲೂ ಇದ್ದಾರೆ. ಮಕ್ಕಳಿಗೆ ಅವರ ಮೇಲೆ ಇರುವ ಪ್ರೀತಿ ನಿಜವಾದದ್ದು. "ಆ ಅಣ್ಣ ಸುಳ್ಳು ಹೇಳುವುದಿಲ್ಲ ಸರ್" ಎಂದು ಒಬ್ಬ ನಮ್ಮ ಎದುರೇ ವಾದಿಸಿದ. ಆ ಅಣ್ಣ ಕೆಟ್ಟವನೆಂದು ನಾವೂ ಹೇಳುವುದಿಲ್ಲ. ಆದರೆ ಅವನು ಹೊಗಳಿದ್ದಕ್ಕೆ ಯಾರಾದರೂ ದುಡ್ಡು ಕೊಟ್ಟಿದ್ದಾರೆಯೇ ಎಂದು ಕೇಳುವ ಹಕ್ಕು ನೋಡುವವರಿಗೆ ಇದೆ.

ಇದಕ್ಕೆ ದೊಡ್ಡ ಉದಾಹರಣೆ ಅಮೆರಿಕದ್ದು. 2014ರಲ್ಲಿ ವಾರ್ನರ್ ಬ್ರದರ್ಸ್ ಕಂಪೆನಿ ಶ್ಯಾಡೋ ಆಫ್ ಮೊರ್ಡೋರ್ ಎಂಬ ಗೇಮಿನ ಬಗ್ಗೆ ಒಳ್ಳೆಯದು ಹೇಳಲು ಹೆಸರಾಂತ ಯೂಟ್ಯೂಬರುಗಳಿಗೆ ದುಡ್ಡು ಕೊಟ್ಟಿತ್ತು. ಗೇಮಿನ ದೋಷ ತೋರಿಸಬಾರದು ಎಂಬ ಷರತ್ತೂ ಇತ್ತು. ದುಡ್ಡಿನ ವಿಷಯವನ್ನು ಹೆಚ್ಚಿನವರು ಹೇಳಿದ್ದು ವಿಡಿಯೋದ ಕೆಳಗೆ, ಯಾರೂ ತೆರೆದು ಓದದ ಜಾಗದಲ್ಲಿ. 2016ರಲ್ಲಿ ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ ಇದನ್ನು ಹಿಡಿದು, ಮುಂದೆ ಹಾಗೆ ಮಾಡಬಾರದೆಂದು ಕಂಪೆನಿಯನ್ನು ಒಪ್ಪಿಸಿತು. ನಮ್ಮಲ್ಲೂ 2021ರ ಜೂನಿನಿಂದ ಭಾರತೀಯ ಜಾಹೀರಾತು ಮಾನದಂಡ ಮಂಡಳಿಯ ನಿಯಮ ಇದೆ. ದುಡ್ಡೋ ಉಡುಗೊರೆಯೋ ಪಡೆದು ಹೇಳುವುದಾದರೆ ಅದು ಜಾಹೀರಾತು ಎಂದು ಎದ್ದು ಕಾಣುವಂತೆ ಹಾಕಬೇಕು. ಯೂಟ್ಯೂಬಿನಲ್ಲಿ ವಿಡಿಯೋ ಶುರುವಾಗುವಾಗ ಮೂಲೆಯಲ್ಲಿ ಪೇಯ್ಡ್ ಪ್ರಮೋಷನ್ ಎಂದು ಸಣ್ಣಕ್ಕೆ ಬಂದು ಮಾಯವಾಗುತ್ತದೆ. ಅದನ್ನು ನೋಡಲು ನಮ್ಮ ಮಕ್ಕಳಿಗೆ ಹೇಳಿಕೊಟ್ಟೆವು. ಮರುದಿನ ಬಂದು ಎಷ್ಟು ಕಡೆ ಕಂಡಿತು ಎಂದು ಲೆಕ್ಕ ಒಪ್ಪಿಸಿದರು. ಪತ್ತೇದಾರಿ ಕೆಲಸ ಸಿಕ್ಕಿದರೆ ಮಕ್ಕಳಿಗೆ ಹೇಳಬೇಕೆ!

ದುಡ್ಡು ಕಟ್ಟಿ ಆಡುವ ಆಟಗಳ ಮಾತು ಇನ್ನೂ ಗಂಭೀರ. ನಮ್ಮ ಆಸುಪಾಸಿನಲ್ಲೇ ಮನೆಯವರ ಫೋನಿನಿಂದ ದುಡ್ಡು ಹೋದ ಕಥೆಗಳನ್ನು ಕೇಳಿದ್ದೇವೆ. ದೊಡ್ಡವರೇ ಸೋತು ಸುಮ್ಮನಾದ ಮನೆಗಳೂ ಇವೆ. ಅವರು ಆಡಲು ಹೊರಟದ್ದು ಯಾಕೆ ಎಂದು ವಿಚಾರಿಸಿದರೆ, ಯಾವನೋ ಕ್ರಿಕೆಟಿಗ ಹೇಳಿದ, ಯಾವಳೋ ನಟಿ ಹೇಳಿದಳು ಎಂಬ ಉತ್ತರ. 2021ರ ಜನವರಿಯಲ್ಲಿ ಕೇರಳ ಹೈಕೋರ್ಟು ಆನ್‌ಲೈನ್ ರಮ್ಮಿಯ ಪ್ರಚಾರದ ವಿಷಯದಲ್ಲಿ ವಿರಾಟ್ ಕೊಹ್ಲಿ, ತಮನ್ನಾ, ಅಜು ವರ್ಗೀಸ್ ಅವರಿಗೆ ನೋಟೀಸು ಕಳಿಸಿತ್ತು. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿ ರಾಷ್ಟ್ರಪತಿಗಳ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾಯಿದೆಯಲ್ಲಿ ಹಣದ ಆಟಗಳಿಗೆ ಮಾತ್ರವಲ್ಲ, ಅವುಗಳ ಜಾಹೀರಾತಿಗೂ ನಿಷೇಧ ಇದೆ. ಜಾಹೀರಾತು ಮಾಡಿದವರಿಗೆ 2 ವರ್ಷದವರೆಗೆ ಸೆರೆ, 50 ಲಕ್ಷದವರೆಗೆ ದಂಡ ಎಂದಿದೆ. ಕಾಯಿದೆ ಬಂದ ಅದೇ ತಿಂಗಳು ಭಾರತ ಕ್ರಿಕೆಟ್ ತಂಡದ ಅಂಗಿಯ ಮೇಲಿದ್ದ ಡ್ರೀಮ್ 11 ಹೆಸರು ಹೋಯಿತು. ಆಟಗಾರರ ಎದೆಯ ಮೇಲೆ ಬರೆದದ್ದನ್ನು ಮಕ್ಕಳು ಪಾಠದ ಪುಸ್ತಕಕ್ಕಿಂತ ಹೆಚ್ಚು ಸಲ ಓದಿರುತ್ತಾರೆ, ಅಲ್ಲವೇ?

ಸಣ್ಣವರಿಗೂ ದಾರಿ ಇದೆ

ಇಷ್ಟೆಲ್ಲ ಓದಿದ ಮೇಲೆ ಪ್ರಚಾರ ಎಂದರೆ ದುಡ್ಡಿದ್ದವರ ಮಾಯೆ ಎಂದು ಅನ್ನಿಸಬಹುದು. ಹಾಗೇನೂ ಇಲ್ಲ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬ ಸಣ್ಣ ತಂಡ ರಾಜಿ ಎಂಬ ಗೇಮು ಮಾಡಿತು. ತಮ್ಮನನ್ನು ಹುಡುಕಿಕೊಂಡು ಹೋಗುವ ಅಕ್ಕನ ಕಥೆ, ನಮ್ಮ ಪುರಾಣದ ಲೋಕ. ಜನರಿಂದ ದುಡ್ಡು ಕೂಡಿಸಲು ಅವರು ಅಂತರ್ಜಾಲದಲ್ಲಿ ಮಾಡಿದ ಪ್ರಯತ್ನ ಗುರಿ ಮುಟ್ಟಲಿಲ್ಲ. ಆದರೆ ಆ ಪ್ರಯತ್ನದಿಂದಲೇ ಗೇಮಿನ ಚಿತ್ರಗಳು ನಾಲ್ಕು ಜನರ ಕಣ್ಣಿಗೆ ಬಿದ್ದವು. ಅವರು ಮೇಳಗಳಿಗೆ ಹೋಗಿ ಆಡಿಸಿ ತೋರಿಸಿದರು. 2020ರ ಆಗಸ್ಟ್ 18ರಂದು ಜಪಾನಿನ ನಿಂಟೆಂಡೊ ಕಂಪೆನಿ ಸಣ್ಣ ಗೇಮುಗಳನ್ನು ಪರಿಚಯಿಸುವ ತನ್ನ ಕಾರ್ಯಕ್ರಮದಲ್ಲಿ ಅದನ್ನು ತೋರಿಸಿತು, ಅದೇ ದಿನ ಗೇಮು ಬಿಡುಗಡೆಯೂ ಆಯಿತು. ಆ ವರ್ಷ ದಿ ಗೇಮ್ ಅವಾರ್ಡ್ಸ್‌ನಲ್ಲಿ ಚೊಚ್ಚಲ ಗೇಮುಗಳ ವಿಭಾಗಕ್ಕೆ ಅದರ ಹೆಸರು ಬಂತು.

ಅಮಂಗ್ ಅಸ್ ಎಂಬ ಗೇಮು ನಮ್ಮ ಮಕ್ಕಳಿಗೆಲ್ಲ ಗೊತ್ತು. ಅದು ಬಂದದ್ದು 2018ರಲ್ಲಿ, ಮಾಡಿದವರು ಮೂರೇ ಜನ. ಎರಡು ವರ್ಷ ಯಾರೂ ಕೇಳಲಿಲ್ಲ. 2020ರಲ್ಲಿ ಮನೆಯೊಳಗೆ ಕೂತ ಜನ ಒಬ್ಬರು ಆಡುವುದನ್ನು ಕಂಡು ಇನ್ನೊಬ್ಬರು ಆಡಿ ಲೋಕವಿಡೀ ಹಬ್ಬಿತು. ಆ ಎರಡು ವರ್ಷವೂ ಅವರು ಆಟವನ್ನು ಬಿಟ್ಟುಬಿಡದೆ ತಿದ್ದುತ್ತಾ ಇದ್ದರು. ಸುದ್ದಿ ಹೋಗುವ ದಿನ ಆಟ ಸಿದ್ಧವಾಗಿತ್ತು.

ಸಣ್ಣವರಿಗೆ ಸಹಾಯವೂ ಇದೆ. ಡಚ್ ಗೇಮು ನಿರ್ಮಾಪಕ ರಾಮಿ ಇಸ್ಮಾಯಿಲ್ 2012ರಲ್ಲಿ ಪ್ರೆಸ್ ಕಿಟ್ ಮಾಡಿಕೊಳ್ಳುವ ಸಾಧನವನ್ನೇ ಉಚಿತವಾಗಿ ಹಂಚಿದರು. ಪತ್ರಕರ್ತರಿಗೆ ಬೇಕಾದದ್ದು ಅಲಂಕಾರವಲ್ಲ, ವಿವರ ಎಂಬುದು ಅದರ ತಿರುಳು.

ಮಂಗ ಮತ್ತು ಅಡಿಕೆ

ಇನ್ನು ನಮ್ಮ ತರಗತಿಯ ಮಾತು. ಕೇರಳದ ಹೈಸ್ಕೂಲುಗಳಲ್ಲಿ 2018ರಿಂದ ಲಿಟಲ್ ಕೈಟ್ಸ್ ಎಂಬ ಐ.ಟಿ. ಕ್ಲಬ್ಬುಗಳಿರುವುದು ನಿಮಗೆಲ್ಲ ಗೊತ್ತಿದೆ. ಅಲ್ಲಿ ಮಕ್ಕಳು ಸ್ಕ್ರ್ಯಾಚಿನಲ್ಲಿ ಸಣ್ಣ ಸಣ್ಣ ಗೇಮು ಮಾಡುತ್ತಾರೆ. ನಮ್ಮ 9ನೇ ತರಗತಿಯ ನಾಲ್ಕು ಮಕ್ಕಳು ಮಾಡಿದ್ದು ಅಡಿಕೆ ಮರದಿಂದ ಮಂಗ ಎಳೆ ಅಡಿಕೆ ಉದುರಿಸುವ ಆಟ. ಕೆಳಗೆ ಬುಟ್ಟಿ ಹಿಡಿದವರು ಹಿಡಿಯಬೇಕು. ತೋಟ ಇರುವ ಮನೆಯ ಮಕ್ಕಳಿಗೆ ಮಂಗ ಎಂದರೆ ತಮಾಷೆಯಲ್ಲ. ಆದ್ದರಿಂದಲೇ ಆಟಕ್ಕೆ ಜೀವ ಬಂದಿತ್ತು.

ಕನ್ನಡ ಪರೀಕ್ಷೆಯಲ್ಲಿ ಪತ್ರಿಕಾ ವರದಿ, ಕರಪತ್ರ, ನೋಟೀಸು ತಯಾರಿಸಿ ಎಂಬ ಪ್ರಶ್ನೆ ಬರುತ್ತದಲ್ಲ? ಈ ಸಲ ಈ ಆಟಕ್ಕೇ ಒಂದು ಪತ್ರಿಕಾ ಪ್ರಕಟಣೆ ಬರೆಯಿರಿ ಎಂದೆವು. ಬಂತು ನೋಡಿ! "ವಿಶ್ವದಲ್ಲೇ ಪ್ರಥಮ! ಅತ್ಯದ್ಭುತ! ಆಡಿದವರು ಬಿಡಲಾರರು!" ಇದನ್ನು ಎಲ್ಲಿ ಕಲಿತರು ಎಂದು ಕೇಳಬೇಕಾಗಿಯೇ ಇಲ್ಲ. ಆಮೇಲೆ, ಸಾಬೀತು ಮಾಡಲಾಗದ ಪದಗಳನ್ನೆಲ್ಲ ನೀವೇ ಹೊಡೆದುಹಾಕಿ ಎಂದೆವು. ಪುಟ ಖಾಲಿಯಾಗುತ್ತಾ ಹೋಯಿತು, ನಗು ಹೆಚ್ಚಾಗುತ್ತಾ ಹೋಯಿತು. ಕೊನೆಗೆ ಹೊಸದಾಗಿ ಬರೆದದ್ದು ಹೀಗಿತ್ತು: "9ನೇ ತರಗತಿಯ ನಾಲ್ವರು ಮಕ್ಕಳು ಸೇರಿ ಒಂದು ಕಂಪ್ಯೂಟರ್ ಆಟ ಮಾಡಿದ್ದಾರೆ. ಮಂಗಗಳು ಅಡಿಕೆ ಉದುರಿಸುತ್ತವೆ, ನಾವು ಬುಟ್ಟಿಯಲ್ಲಿ ಹಿಡಿಯಬೇಕು. ಒಂದು ಆಟಕ್ಕೆ ಎರಡು ನಿಮಿಷ. ಎಲ್ಲ ಬರಹವೂ ಕನ್ನಡದಲ್ಲಿದೆ. ಮಂಗ ಕೆಲವೊಮ್ಮೆ ಮರದಿಂದ ಹೊರಗೆ ನಿಲ್ಲುತ್ತದೆ, ಅದನ್ನು ಸರಿಮಾಡುತ್ತಿದ್ದೇವೆ."

ಆ ಕೊನೆಯ ವಾಕ್ಯ ಬೇಕೇ ಬೇಡವೇ ಎಂದು ತರಗತಿಯಲ್ಲಿ ದೊಡ್ಡ ಚರ್ಚೆಯಾಯಿತು. "ನಮ್ಮ ತಪ್ಪು ನಾವೇ ಹೇಳುವುದಾ?" ಎಂದು ಕೆಲವರು. "ಆಡಿದರೆ ಹೇಗೂ ಗೊತ್ತಾಗ್ತದೆ, ಮೊದಲೇ ಹೇಳಿದರೆ ಬೈಯುವುದಿಲ್ಲ" ಎಂದು ಇನ್ನು ಕೆಲವರು. ವಾಕ್ಯ ಉಳಿಯಿತು. ಅದನ್ನು ಓದಿದ 5ನೇ ತರಗತಿಯ ಪುಟಾಣಿಗಳು ಮೊದಲು ಹುಡುಕಿದ್ದೇ ಮರ ಬಿಟ್ಟು ಗಾಳಿಯಲ್ಲಿ ನಿಂತ ಮಂಗನನ್ನು!

ನಮಗೆ ಮನಸ್ಸಿಗೆ ತಾಗಿದ್ದು ಆ ತಂಡದ ಹುಡುಗಿಯೊಬ್ಬಳ ಪ್ರಶ್ನೆ. "ಇದೆಲ್ಲ ಇಂಗ್ಲಿಷ್ ಮೀಡಿಯಂನವರಿಗೆ ಅಲ್ವಾ ಸರ್?" ಎಂದಳು. ಗಡಿಯ ಈಚೆ ಕನ್ನಡ ಮಾಧ್ಯಮದಲ್ಲಿ ಕಲಿಯುವ ಎಷ್ಟು ಮಕ್ಕಳ ಹೊಟ್ಟೆಯಲ್ಲಿ ಈ ಪ್ರಶ್ನೆ ಇಲ್ಲ ಹೇಳಿ? ನಮ್ಮ ಶಾಲೆಗಳಿಗೆ ಮಕ್ಕಳು ಕಡಿಮೆಯಾಗುತ್ತಿರುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು. ನಾವು ಅವಳಿಗೆ ಹೇಳಿದ್ದು ಇಷ್ಟು. ಇಂಗ್ಲಿಷ್ ಬೇಕು, ಕಲಿಯೋಣ. ಆದರೆ ಈ ಉದ್ಯೋಗದ ಬೇರು ಇಂಗ್ಲಿಷಿನಲ್ಲಿಲ್ಲ. ಹೇಳಬೇಕಾದ್ದನ್ನು ಎರಡೇ ವಾಕ್ಯದಲ್ಲಿ ತಪ್ಪಿಲ್ಲದೆ ಹೇಳುವುದು, ಯಾರಿಗೆ ಹೇಳುತ್ತಿದ್ದೇವೆ ಎಂದು ಗೊತ್ತಿರುವುದು, ಹೇಳಿದ್ದಕ್ಕೆ ನಿಲ್ಲುವುದು. ಇದನ್ನು ಕನ್ನಡದಲ್ಲಿ ಕಲಿತವರು ಬೇರೆ ಯಾವ ಭಾಷೆಯಲ್ಲೂ ಮಾಡಿಯಾರು. ಅವಳು ಅದೇ ಪ್ರಕಟಣೆಯನ್ನು ಉಪಜಿಲ್ಲಾ ಶಿಬಿರಕ್ಕೆಂದು ಮಲಯಾಳದಲ್ಲಿ ಬರೆದಳು. ಅಜ್ಜಿಗೆ ತುಳುವಿನಲ್ಲಿ ಹೇಳಿ ಆಡಿಸಿದಳಂತೆ. ನಾಲ್ಕು ಭಾಷೆಯಲ್ಲಿ ಒಂದೇ ವಿಷಯವನ್ನು ನಾಲ್ಕು ತರದವರಿಗೆ ಹೇಳಬಲ್ಲವರು ದೊಡ್ಡ ಪಟ್ಟಣಗಳ ಶಾಲೆಗಳಲ್ಲಿ ಎಷ್ಟು ಮಂದಿ ಸಿಗುತ್ತಾರೆ? ನಮ್ಮ ಗಡಿನಾಡಿನಲ್ಲಿ ಒಂದು ಬೆಂಚಿಗೆ ನಾಲ್ಕು ಜನ ಸಿಗುತ್ತಾರೆ.

ಹಾಗಾಗಿ ಸಹೋದ್ಯೋಗಿಗಳಲ್ಲಿ ನಮ್ಮದೊಂದು ವಿನಂತಿ. ಗೇಮು ಎಂದ ಕೂಡಲೇ ಫೋನು ಕಸಿಯುವ ಮೊದಲು ಒಂದು ಪೀರಿಯಡ್ಡು ಇದಕ್ಕೆ ಕೊಡಿ. ಮಕ್ಕಳು ನೋಡಿದ ಒಂದು ಟ್ರೇಲರನ್ನೋ ವಿಡಿಯೋವನ್ನೋ ಎದುರಿಟ್ಟು ಮೂರು ಪ್ರಶ್ನೆ ಬೋರ್ಡಿನಲ್ಲಿ ಬರೆಯಿರಿ. ಇದನ್ನು ಹೇಳುತ್ತಿರುವವರು ಯಾರು? ಅವರಿಗೆ ಇದರಿಂದ ಏನು ಸಿಗುತ್ತದೆ? ಹೇಳಿದ್ದಕ್ಕೂ ಆಡಿದಾಗ ಸಿಕ್ಕಿದ್ದಕ್ಕೂ ತಾಳೆ ಇದೆಯೇ? ಆಮೇಲೆ ಅವರದೇ ಆಟದ, ಅವರದೇ ಶಾಲೆಯ ಸುದ್ದಿಯನ್ನು ಅವರಿಂದಲೇ ಬರೆಸಿ, ಅದೇ ಮೂರು ಪ್ರಶ್ನೆಯನ್ನು ಅದಕ್ಕೂ ಕೇಳಿ. ನಮ್ಮ ಶಾಲೆಗಳಲ್ಲಿ ಒಳ್ಳೆಯ ಕೆಲಸ ಬೇಕಾದಷ್ಟು ನಡೆಯುತ್ತದೆ. ಅದನ್ನು ಉಬ್ಬಿಸದೆ, ಅಡಗಿಸದೆ, ಇದ್ದ ಹಾಗೆ ನಾಲ್ಕು ಜನಕ್ಕೆ ಹೇಳುವುದನ್ನು ಮಾತ್ರ ನಾವು ಯಾರೂ ಒಂದು ಪಾಠವೆಂದು ಎಣಿಸಿಲ್ಲ. ಈ ವರ್ಷದಿಂದ ಎಣಿಸೋಣ. ಮಂಗ ಈಗ ಮರದ ಮೇಲೆಯೇ ನಿಲ್ಲುತ್ತದೆ ಎಂದು ಮಕ್ಕಳು ಹೇಳಿದ್ದಾರೆ, ಪೆರ್ಲದ ಕಡೆ ಬಂದರೆ ಆಡಿ ನೋಡಿ.